ಗಣಿತ ಬಾರದ ಫ್ಯಾರಡೆ ಮತ್ತು ಖಾಲಿಯಲ್ಲದ ಜಾಗ

ಫಸ್ಟ್ ಇಯರ್ ಫಿಸಿಕ್ಸ್ ಕ್ಲಾಸಿನಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಚಾರ್ಜ್ ಇರುವ ಕಡೆ ಎಲೆಕ್ಟ್ರಿಕ್ ಫೀಲ್ಡ್ ಇರುತ್ತೆ, ಸರಿ. ಆದ್ರೆ ಯಾಕೆ ಇರುತ್ತೆ? ಚಾರ್ಜ್ ಅದನ್ನ ಹೇಗೆ ಹುಟ್ಟಿಸುತ್ತೆ? ಅದು ಹಾಗೇ, ಡೆಫಿನಿಶನ್ ಬರೆದುಕೋ ಅನ್ನೋ ಉತ್ತರ ಬಂತು, ಹಿಂದಿನ ಬೆಂಚಿನಿಂದ ನಗುವೂ ಬಂತು. ಬರೆದುಕೊಂಡೆ. ಪರೀಕ್ಷೆಯಲ್ಲಿ ಮಾರ್ಕ್ಸೂ ಬಂತು. ಪ್ರಶ್ನೆ ಮಾತ್ರ ಹಾಗೇ ಉಳೀತು.

ಆಮೇಲೆ ಗೊತ್ತಾಗಿದ್ದೇನಂದ್ರೆ, ಈ ಪ್ರಶ್ನೆಯನ್ನ ಜೀವನಪೂರ್ತಿ ಹಿಡಿದುಕೊಂಡು ಕೂತಿದ್ದ ಒಬ್ಬ ಮನುಷ್ಯ ಇದ್ದ. ನಾವು ಕೆಪಾಸಿಟರ್ ಮೇಲೆ ಓದುವ ಫ್ಯಾರಡ್ ಅನ್ನೋ ಯೂನಿಟ್ ಅವನ ಹೆಸರಿನದು. ಮೈಕೆಲ್ ಫ್ಯಾರಡೆ. ಮೋಟರ್, ಜನರೇಟರ್ ಕಥೆಗಳಲ್ಲಿ ಅವನ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಅವನ ದೊಡ್ಡ ಕೆಲಸ ಜನರೇಟರ್ ಅಲ್ಲ, ಫೀಲ್ಡ್ ಅನ್ನೋ ಕಲ್ಪನೆ ಅಂತ ನನಗನ್ನಿಸುತ್ತೆ. ಅದಕ್ಕೇ ಈ ಲೇಖನ. ಏಕವಚನದಲ್ಲೇ ಬರೀತೀನಿ, ಹಾಗೆ ಬರೆದರೆ ಹತ್ತಿರದವನು ಅನ್ನಿಸುತ್ತಾನೆ, ಬೇಜಾರು ಮಾಡ್ಕೋಬೇಡಿ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣ ಅಂಚಿನ ನ್ಯೂಯಿಂಗ್ಟನ್ ಬಟ್ಸ್ ಅನ್ನೋ ಜಾಗದಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಆರೋಗ್ಯ ಸರಿಯಿಲ್ಲದೆ ದಿನವೂ ಕೆಲಸಕ್ಕೆ ಹೋಗೋಕಾಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ಧಾನ್ಯದ ಬೆಲೆ ಏರಿದ್ದ ಒಂದು ಕಾಲದಲ್ಲಿ ಒಂದು ವಾರಕ್ಕೆ ಒಂದು ಬ್ರೆಡ್ಡು ಅಂತ ಹುಡುಗನ ಕೈಗೆ ಕೊಡುತ್ತಿದ್ದರಂತೆ, ಅದರಲ್ಲೇ ಏಳು ದಿನ ತಳ್ಳಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ. ಅಷ್ಟೇ. ಈ "ಒಂದಿಷ್ಟು ಲೆಕ್ಕ" ಅನ್ನೋದನ್ನ ನೆನಪಿಡಿ, ಮುಂದೆ ಬರುತ್ತೆ.

ಹದಿಮೂರನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪೇಪರ್ ಹಂಚುವ ಹುಡುಗನಾಗಿ ಸೇರಿದ. ಮಾರನೇ ವರ್ಷ ಅಲ್ಲೇ ಬೈಂಡಿಂಗ್ ಕಲಿಯೋಕೆ ಏಳು ವರ್ಷದ ಕರಾರು. ಬೈಂಡ್ ಮಾಡಲು ಬಂದ ಪುಸ್ತಕಗಳನ್ನ ಬೈಂಡ್ ಮಾಡೋದರ ಜೊತೆಗೆ ಓದೋಕೂ ಶುರುಮಾಡಿದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೆರಡೂ ಅವನ ತಲೆ ಕೆಡಿಸಿದವು. ಓದಿದ್ದನ್ನ ಹಾಗೇ ನಂಬುತ್ತಿರಲಿಲ್ಲ. ಕೈಯಲ್ಲಿದ್ದ ಪುಡಿಗಾಸಿನಲ್ಲಿ ಏನು ಸಿಗುತ್ತೋ ಅದನ್ನ ತಂದು, ಮಾಡಿ ನೋಡುತ್ತಿದ್ದ. ಮಾಲೀಕ ರೀಬೋ ಒಳ್ಳೆಯವನು, ಬಿಟ್ಟುಬಿಟ್ಟಿದ್ದ. ಬೇರೆ ಮಾಲೀಕನಾಗಿದ್ದರೆ ಕಥೆ ಅಲ್ಲೇ ಮುಗೀತಿತ್ತು.

1812ರಲ್ಲಿ ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ ಎಂಬವರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಕೊಡುತ್ತಿದ್ದ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆಗಿನ ಕಾಲದ ದೊಡ್ಡ ಸ್ಟಾರ್. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿದ, ನೋಟ್ಸ್ ಮಾಡಿದ, ಚಿತ್ರ ಬರೆದ, ಸುಮಾರು 300 ಪುಟದ ಅದನ್ನ ತಾನೇ ಚೆಂದವಾಗಿ ಬೈಂಡ್ ಮಾಡಿ ಡೇವಿಗೆ ಕಳಿಸಿದ, ಜೊತೆಗೆ ಕೆಲಸ ಕೊಡಿ ಅಂತ ಒಂದು ಪತ್ರ. ಅದಕ್ಕೂ ಮುಂಚೆ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೂ ಬರೆದಿದ್ದ, ಉತ್ತರವೇ ಬರಲಿಲ್ಲ. ಇಂಟರ್ನ್‌ಶಿಪ್ ಮೇಲ್ ಕಳಿಸಿ ಕಾಯುವವರಿಗೆಲ್ಲ ಈ ಅನುಭವ ಇದ್ದೇ ಇರುತ್ತೆ. ಡೇವಿ ಮಾತ್ರ ಕರೆದು ಮಾತಾಡಿದರು. ಕೆಲಸ ಖಾಲಿ ಇಲ್ಲ, ಬೈಂಡಿಂಗ್ ಬಿಡಬೇಡ ಅಂದರು. ಕೆಲವೇ ತಿಂಗಳಲ್ಲಿ ಲ್ಯಾಬ್ ಸಹಾಯಕನೊಬ್ಬನನ್ನ ತೆಗೆದುಹಾಕಿದ್ದರಿಂದ ಜಾಗ ಖಾಲಿಯಾಯಿತು. 1813ರ ಮಾರ್ಚ್ 1ಕ್ಕೆ ಫ್ಯಾರಡೆಗೆ ಕೆಲಸ ಸಿಕ್ಕಿತು. ವಾರಕ್ಕೆ 25 ಶಿಲ್ಲಿಂಗ್, ಅದೇ ಕಟ್ಟಡದ ಮೇಲ್ಗಡೆ ಎರಡು ಕೋಣೆ, ಮೇಣದಬತ್ತಿ, ಉರುವಲು.

ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸ. ಆಂಪಿಯರ್, ವೋಲ್ಟಾ ಇಬ್ಬರನ್ನೂ ನೋಡಿದ. ಡೇವಿಯ ಹೆಂಡತಿ ಇವನನ್ನ ಆಳಿನ ಹಾಗೆ ನಡೆಸಿಕೊಂಡಳು, ವಾಪಸ್ ಹೋಗಿಬಿಡೋಣ ಅಂತಲೂ ಅವನಿಗೆ ಅನ್ನಿಸಿತ್ತು. ಹೋಗಲಿಲ್ಲ. 1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆಯಾಯಿತು. ಇಬ್ಬರೂ ಸ್ಯಾಂಡೆಮೇನಿಯನ್ ಅನ್ನೋ ಒಂದು ಚಿಕ್ಕ ಕ್ರೈಸ್ತ ಪಂಗಡಕ್ಕೆ ಸೇರಿದವರು. ಮಕ್ಕಳಾಗಲಿಲ್ಲ. ಮದುವೆಯಾದ ಮೇಲೂ ಅದೇ ಲ್ಯಾಬ್ ಕಟ್ಟಡದಲ್ಲೇ ಸಂಸಾರ.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಕಾಲದಲ್ಲಿ ವಿದ್ಯುತ್ ಬಲದ ಬಗ್ಗೆ ಎಲ್ಲರೂ ಏನು ನಂಬಿದ್ದರು? 1785ರಲ್ಲಿ ಕೂಲಂ ತನ್ನ ಟಾರ್ಷನ್ ಬ್ಯಾಲೆನ್ಸಿನಿಂದ ಅಳೆದು ತೋರಿಸಿದ್ದ: ಎರಡು ಚಾರ್ಜುಗಳ ನಡುವಿನ ಬಲ ದೂರದ ವರ್ಗಕ್ಕೆ ವಿಲೋಮವಾಗಿರುತ್ತೆ. ನ್ಯೂಟನ್ನನ ಗುರುತ್ವದ ಸೂತ್ರದ ತಮ್ಮನ ಹಾಗಿದೆ. ಫ್ರಾನ್ಸಿನ ಗಣಿತಜ್ಞರು ಇದರ ಮೇಲೆ ಅದ್ಭುತವಾದ ಗಣಿತ ಕಟ್ಟಿದರು. ಆದರೆ ಇಲ್ಲಿರುವ ಚಾರ್ಜ್ ಅಲ್ಲಿರುವ ಚಾರ್ಜನ್ನ ಎಳೆಯೋದು ಹೇಗೆ? ನಡುವೆ ಹಗ್ಗ ಇಲ್ಲ, ಕೋಲು ಇಲ್ಲ. ಎಳೆಯುತ್ತೆ, ಅಷ್ಟೇ, ತಕ್ಷಣ ಎಳೆಯುತ್ತೆ, ನಡುವಿನ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಸ್ವತಃ ನ್ಯೂಟನ್ನನಿಗೇ ಗುರುತ್ವದ ವಿಷಯದಲ್ಲಿ ಇದು ಒಪ್ಪಿಗೆಯಾಗಿರಲಿಲ್ಲ. ಆದರೆ ಲೆಕ್ಕ ಸರಿಯಾಗಿ ಬರ್ತಿತ್ತಲ್ಲ, ಹಾಗಾಗಿ ನಂತರದವರು ಕೇಳೋದನ್ನೇ ಬಿಟ್ಟರು. ಅದು ಹಾಗೇ, ಬರೆದುಕೋ.

ಫ್ಯಾರಡೆಗೆ ಆ ಲೆಕ್ಕ ಓದೋಕೇ ಬರ್ತಿರಲಿಲ್ಲ. ಕ್ಯಾಲ್ಕುಲಸ್ ಇಲ್ಲ, ಆಲ್ಜೀಬ್ರಾನೂ ಅಷ್ಟಕ್ಕಷ್ಟೆ. ಆಂಪಿಯರನ ಪೇಪರುಗಳನ್ನ ಹಿಡಿದುಕೊಂಡು ಒದ್ದಾಡಿದ್ದ. ಅವನಿಗೆ ಇದ್ದದ್ದು ಕಣ್ಣು ಮತ್ತು ಕೈ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ಕರೆಂಟ್ ಹರಿಯುವ ತಂತಿ ಪಕ್ಕದ ದಿಕ್ಸೂಚಿ ಮುಳ್ಳನ್ನ ತಿರುಗಿಸುತ್ತೆ ಅಂತ ಕಂಡುಹಿಡಿದ. ಬಲ ನೇರವಾಗಿ ಎಳೆಯುತ್ತಿಲ್ಲ, ತಂತಿಯ ಸುತ್ತ ಸುತ್ತುತ್ತಿದೆ! 1821ರ ಸೆಪ್ಟೆಂಬರಿನಲ್ಲಿ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ ಆಯಸ್ಕಾಂತದ ಸುತ್ತ ತಂತಿ ಗಿರಗಿರ ಸುತ್ತುವ ಹಾಗೆ ಮಾಡಿಯೇಬಿಟ್ಟ. ಮೊದಲ ವಿದ್ಯುತ್ ಮೋಟರ್ ಅಂದ್ರೆ ಇದೇ. ಆದರೆ ಅವಸರದಲ್ಲಿ ಪ್ರಕಟಿಸುವಾಗ, ಇದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದ ವೊಲಸ್ಟನ್ ಎಂಬ ಹಿರಿಯರ ಹೆಸರು ಹಾಕಲಿಲ್ಲ. ಕದ್ದ ಅನ್ನೋ ಅಪವಾದ ಬಂತು. 1824ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾಗುವಾಗ ಅದರ ಅಧ್ಯಕ್ಷರಾಗಿದ್ದ ಡೇವಿಯವರೇ ವಿರೋಧಿಸಿದರು. ಕೈ ಹಿಡಿದು ಮೇಲೆತ್ತಿದ ಗುರುವೇ. ಫ್ಯಾರಡೆ ಮಾತ್ರ ಕೊನೆವರೆಗೂ ಡೇವಿಯ ಬಗ್ಗೆ ಕೆಟ್ಟದಾಗಿ ಮಾತಾಡಲಿಲ್ಲ.

ಕ್ಲೋರಿನ್ ದ್ರವ ಮಾಡಿದ್ದು, ಬೆಂಜೀನ್ ಕಂಡುಹಿಡಿದದ್ದು, ಎಲೆಕ್ಟ್ರಾಲಿಸಿಸ್ ನಿಯಮಗಳು, ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ, ಇವನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೇನೆ, ಕೆಮಿಕಲ್ ಬ್ರಾಂಚಿನವರು ಕ್ಷಮಿಸಬೇಕು. 1831ಕ್ಕೆ ಹೋಗೋಣ. ಆಗಸ್ಟ್ 29. ಆರು ಇಂಚು ಅಗಲದ ಕಬ್ಬಿಣದ ಉಂಗುರ. ಅದರ ಒಂದು ಬದಿಗೆ ಒಂದು ಕಾಯಿಲ್, ಇನ್ನೊಂದು ಬದಿಗೆ ಇನ್ನೊಂದು. ಒಂದಕ್ಕೆ ಬ್ಯಾಟರಿ ಜೋಡಿಸಿದಾಗ ಎರಡನೆಯದರ ಪಕ್ಕದ ಮುಳ್ಳು ಒಮ್ಮೆ ಅಲುಗಾಡಿ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ. ಕರೆಂಟ್ ಸುಮ್ಮನೆ ಹರಿಯುತ್ತಿರುವಾಗ ಏನೂ ಇಲ್ಲ. ಬದಲಾವಣೆ ಆಗುವಾಗ ಮಾತ್ರ. ಅಕ್ಟೋಬರ್ 17ಕ್ಕೆ ಬರೀ ಆಯಸ್ಕಾಂತವನ್ನ ಕಾಯಿಲ್ ಒಳಗೆ ತಳ್ಳಿ ಎಳೆದು ಕರೆಂಟ್ ಬರಿಸಿದ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟೂ ಇದೇ ತತ್ವದಿಂದಲೇ ಹುಟ್ಟಿದ್ದು.

ಆದರೆ ಫ್ಯಾರಡೆಗೆ ಕರೆಂಟಿಗಿಂತ ಜಾಸ್ತಿ ಕಾಡಿದ್ದು ನಡುವಿನ ಜಾಗ. ಆಯಸ್ಕಾಂತದ ಮೇಲೆ ಕಾಗದ ಇಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಬರುವ ಗೆರೆಗಳನ್ನ ನಾವೆಲ್ಲ ಹೈಸ್ಕೂಲಿನಲ್ಲಿ ನೋಡಿದ್ದೇವೆ. ನಮಗೆ ಅದು ಡಯಾಗ್ರಾಮ್. ಅವನಿಗೆ ಅದು ಜಾಗದ ಒಳಗೆ ನಿಜವಾಗಿ ಏನೋ ಇದೆ ಅನ್ನೋ ಸಾಕ್ಷಿ. ತಂತಿ ಈ ಬಲರೇಖೆಗಳನ್ನ ಕತ್ತರಿಸಿದಾಗ ಕರೆಂಟ್ ಬರುತ್ತೆ ಅಂತ ಅವನು ವಿವರಿಸಿದ. ಹಾಗಾದರೆ ಚಾರ್ಜಿನ ಸುತ್ತಲೂ ಇಂಥದ್ದೇ ಇರಬೇಕಲ್ಲ?

1836ರ ಜನವರಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಲೆಕ್ಚರ್ ಹಾಲಿನಲ್ಲಿ 12 ಅಡಿ ಉದ್ದ, 12 ಅಡಿ ಅಗಲ, 12 ಅಡಿ ಎತ್ತರದ ಒಂದು ಪೆಟ್ಟಿಗೆ ಕಟ್ಟಿಸಿದ. ಮರದ ಚೌಕಟ್ಟು, ತಾಮ್ರದ ತಂತಿ, ಕಾಗದ, ತವರದ ಹಾಳೆ. ಹೊರಗಿನಿಂದ ದೊಡ್ಡ ಯಂತ್ರದಲ್ಲಿ ಚಾರ್ಜ್ ಮಾಡಿಸಿದ, ಗೋಡೆಗಳಿಂದ ಕಿಡಿ ಹಾರುತ್ತಿತ್ತು. ಇವನು ಎಲೆಕ್ಟ್ರೋಸ್ಕೋಪು, ಮೇಣದಬತ್ತಿ ಹಿಡಿದು ಒಳಗೆ ಹೋಗಿ ಕೂತ. ಒಳಗೆ ಏನೂ ಇಲ್ಲ, ಮುಳ್ಳು ಅಲ್ಲಾಡಲಿಲ್ಲ. ಫ್ಯಾರಡೆ ಕೇಜ್ ಅಂತ ನಾವು ಎರಡು ಮಾರ್ಕಿಗೆ ಬರೆಯುವುದು ಇದನ್ನೇ. ಆದರೆ ಅವನು ಒಳಗೆ ಹೋಗಿದ್ದು ಸುರಕ್ಷತೆ ತೋರಿಸೋಕಲ್ಲ. ಆ ಪೆಟ್ಟಿಗೆಯೊಳಗಿನ ಗಾಳಿಗೆ ಬರೀ ಒಂದೇ ಬಗೆಯ ಚಾರ್ಜ್ ತುಂಬೋಕಾಗುತ್ತಾ ಅಂತ ನೋಡೋಕೆ. ಆಗಲಿಲ್ಲ. ಒಳಗೆ ಪಾಸಿಟಿವ್ ಚಾರ್ಜ್ ಇಟ್ಟರೆ ಅಷ್ಟೇ ನೆಗೆಟಿವ್ ಗೋಡೆಯಲ್ಲಿ ಎದುರಾಗಿ ಬಂದು ಕೂರುತ್ತಿತ್ತು. ರೇಖೆಗೆ ಒಂದು ತುದಿ ಇದ್ದರೆ ಇನ್ನೊಂದು ತುದಿ ಇರಲೇಬೇಕು. ಒಂದೇ ತುದಿಯ ಹಗ್ಗ ಎಲ್ಲಾದರೂ ಇದೆಯಾ?

1843ರಲ್ಲಿ ಇದನ್ನೇ ಒಂದು ಐಸ್ ಬಕೆಟ್ಟಿನಲ್ಲಿ ಮಾಡಿದ. ರೇಷ್ಮೆ ದಾರಕ್ಕೆ ಕಟ್ಟಿದ ಚಾರ್ಜ್ ಆದ ಹಿತ್ತಾಳೆ ಗುಂಡನ್ನ ಬಕೆಟ್ ಒಳಗೆ ಇಳಿಸಿದ. ಹೊರಗೆ ಜೋಡಿಸಿದ್ದ ಎಲೆಕ್ಟ್ರೋಸ್ಕೋಪ್ ತೆರೆದುಕೊಂಡಿತು. ಸಾಕಷ್ಟು ಒಳಗಿಳಿದ ಮೇಲೆ ಗುಂಡನ್ನ ಆ ಕಡೆ ಈ ಕಡೆ ಆಡಿಸಿದರೂ ಅದು ಬದಲಾಗಲಿಲ್ಲ. ಕೊನೆಗೆ ತಳಕ್ಕೆ ಮುಟ್ಟಿಸಿದ, ಆಗಲೂ ಇಲ್ಲ. ಗುಂಡನ್ನ ಹೊರಗೆ ತೆಗೆದು ನೋಡಿದರೆ ಅದರಲ್ಲಿ ಚಾರ್ಜ್ ಪೂರ್ತಿ ಖಾಲಿ. ಅಂದ್ರೆ ಗುಂಡಿನಿಂದ ಹೊರಟ ರೇಖೆಗಳು ಎಷ್ಟೋ, ಬಕೆಟ್ ಒಳಮೈಯಲ್ಲಿ ಕೊನೆಯಾದವೂ ಅಷ್ಟೇ. ಥರ್ಡ್ ಸೆಮ್‌ನಲ್ಲಿ ನಾವು ಹೆದರುವ ಗಾಸ್ ನಿಯಮ ಇದರಲ್ಲಿ ಪೂರ್ತಿ ಇದೆ, ಒಂದೂ ಇಂಟಿಗ್ರಲ್ ಇಲ್ಲದೆ.

ಈ ಎರಡು ಪ್ರಯೋಗದ ನಡುವೆ, 1837ರಲ್ಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಒಂದರೊಳಗೊಂದು ಇಟ್ಟ ಎರಡು ಹಿತ್ತಾಳೆ ಗೋಳಗಳು, ನಡುವೆ ಸ್ವಲ್ಪ ಜಾಗ. ಇಂಥದ್ದು ಎರಡು ಜೊತೆ, ಪಕ್ಕಾ ಒಂದೇ ಅಳತೆ. ಒಂದರ ನಡುವೆ ಗಾಳಿ ಬಿಟ್ಟ, ಇನ್ನೊಂದರ ನಡುವೆ ಅರ್ಧದಷ್ಟು ಅರಗು ತುಂಬಿದ. ಒಂದಕ್ಕೆ ಚಾರ್ಜ್ ಕೊಟ್ಟು ಇನ್ನೊಂದಕ್ಕೆ ಮುಟ್ಟಿಸಿದರೆ ಸಮಪಾಲಾಗಬೇಕಿತ್ತು. ಆಗಲಿಲ್ಲ, ಅರಗಿರುವುದು ಜಾಸ್ತಿ ಪಾಲು ತಗೊಂಡಿತು. ಗಂಧಕ, ಗಾಜು ಹಾಕಿದರೂ ಹೀಗೇ, ಒಂದೊಂದಕ್ಕೆ ಒಂದೊಂದು ಪ್ರಮಾಣ. ಗೋಳಗಳು ಅವೇ, ದೂರ ಅದೇ. ಬದಲಾದದ್ದು ನಡುವೆ ಇರುವುದು ಮಾತ್ರ. ನಡುವಿನ ಜಾಗಕ್ಕೆ ಏನೂ ಸಂಬಂಧ ಇಲ್ಲ ಅನ್ನೋದಾದರೆ ಇದು ಹೇಗೆ? ಇವತ್ತು ನಾವು ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ ಅಂತ ಟೇಬಲ್ ನೋಡಿ ಹಾಕಿಬಿಡುವ ಸಂಖ್ಯೆ ಆಗ ಅವನ ಕೈಯಲ್ಲಿ ಒಂದು ವಾದವಾಗಿತ್ತು.

ಇದರಿಂದ ಅವನು ತಲುಪಿದ ಜಾಗ ವಿಚಿತ್ರವಾಗಿದೆ. ನಾನು ಕೇಳಿದ ಪ್ರಶ್ನೆಯನ್ನೇ ಅವನು ತಲೆಕೆಳಗು ಮಾಡಿದ. ಚಾರ್ಜ್ ಅನ್ನೋ ವಸ್ತು ಮೊದಲು ಇದ್ದು ಅದು ಆಮೇಲೆ ಫೀಲ್ಡನ್ನ ಹುಟ್ಟಿಸೋದಲ್ಲ. ನಡುವಿನ ಮಾಧ್ಯಮ ಬಿಗಿದ ರಬ್ಬರಿನ ಹಾಗೆ ಒಂದು ಬಿಗಿತದ ಸ್ಥಿತಿಯಲ್ಲಿದೆ, ಆ ಬಿಗಿತ ಎಲ್ಲಿ ಕೊನೆಯಾಗುತ್ತೋ ಆ ತುದಿಗೆ ನಾವು ಚಾರ್ಜ್ ಅಂತ ಹೆಸರಿಟ್ಟಿದ್ದೇವೆ. ರೇಖೆಗಳು ಉದ್ದಕ್ಕೆ ಕುಗ್ಗಲು ನೋಡುತ್ತವೆ, ಅದಕ್ಕೇ ವಿರುದ್ಧ ಚಾರ್ಜುಗಳು ಹತ್ತಿರ ಬರುತ್ತವೆ. ಅಕ್ಕಪಕ್ಕದ ರೇಖೆಗಳು ಒಂದನ್ನೊಂದು ತಳ್ಳುತ್ತವೆ, ಅದಕ್ಕೇ ಒಂದೇ ಬಗೆಯವು ದೂರ ಹೋಗುತ್ತವೆ. ನಿಜ ಹೇಳಬೇಕಂದ್ರೆ ಇದನ್ನ ಓದಿದ ದಿನ ನಾನು ಎದ್ದು ಓಡಾಡಿಬಿಟ್ಟೆ. ಇವತ್ತಿನ ಫಿಸಿಕ್ಸ್ ಇದನ್ನ ಹೀಗೇ ಒಪ್ಪಲ್ಲ, ಎಲೆಕ್ಟ್ರಾನಿಗೆ ತನ್ನದೇ ಅಸ್ತಿತ್ವ ಕೊಟ್ಟಿದೆ. ಚಾರ್ಜ್ ಮತ್ತು ಫೀಲ್ಡ್ ಎರಡೂ ಸೇರಿಯೇ ಬರುತ್ತವೆ, ಒಂದಿಲ್ಲದೆ ಇನ್ನೊಂದನ್ನ ಹೇಳೋಕಾಗಲ್ಲ ಅನ್ನೋವರೆಗೆ ಬಂದಿದೆ. ಆದರೂ ಶಕ್ತಿ ಚಾರ್ಜಿನಲ್ಲಲ್ಲ, ಸುತ್ತಲ ಜಾಗದಲ್ಲಿ ಕೂತಿದೆ ಅಂತ ನಾವು ಲೆಕ್ಕ ಹಾಕುವಾಗ ಫ್ಯಾರಡೆಯ ದಾರಿಯಲ್ಲೇ ಇರುತ್ತೇವೆ.

ಅವನ ಎಲ್ಲ ವಾದವೂ ಗಟ್ಟಿ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ವಿದ್ಯುತ್ ಪ್ರಭಾವ ಲೋಹದ ತಟ್ಟೆಯ ಅಂಚನ್ನ ಬಳಸಿಕೊಂಡು ಬಾಗಿ ಹೋಗುತ್ತೆ, ದೂರದಿಂದ ನೇರ ಎಳೆಯುವ ಬಲವಾಗಿದ್ದರೆ ಬಾಗುತ್ತಿರಲಿಲ್ಲ ಅಂತ ಅವನು ವಾದಿಸಿದ್ದ. ಆದರೆ 1845ರಲ್ಲಿ ವಿಲಿಯಂ ಥಾಮ್ಸನ್, ಅಂದ್ರೆ ಮುಂದೆ ಕೆಲ್ವಿನ್ ಆದವರು, ಕೂಲಂ ಸೂತ್ರದಿಂದಲೂ ಅದೇ ಫಲಿತಾಂಶ ಬರುತ್ತೆ ಅಂತ ತೋರಿಸಿದರು. ಆಗ ಥಾಮ್ಸನ್‌ಗೆ ಬರೀ 21 ವರ್ಷ. ನಮಗಿಂತ ಎರಡೇ ವರ್ಷ ದೊಡ್ಡವರು, ಹೊಟ್ಟೆ ಉರಿಯುತ್ತೆ.

ಗಣಿತಜ್ಞರು ಫ್ಯಾರಡೆಯ ಪ್ರಯೋಗಗಳನ್ನ ಗೌರವಿಸಿದರು, ರೇಖೆಗಳನ್ನ ಅಲ್ಲ. 1855ರಲ್ಲಿ ಕೂಡ ಖಗೋಳಜ್ಞ ಜಾರ್ಜ್ ಏರಿ, ದೂರದಿಂದ ಎಳೆಯುವ ಸರಳ ನಿಖರ ಸೂತ್ರ ಇರುವಾಗ ಈ ಮಸುಕು ಮಸುಕಾದ ರೇಖೆಗಳನ್ನ ಯಾರಾದರೂ ಯಾಕೆ ಆರಿಸುತ್ತಾರೆ ಅನ್ನೋ ಅರ್ಥದಲ್ಲಿ ಬರೆದಿದ್ದರು. ಫ್ಯಾರಡೆಗೆ ಉತ್ತರಿಸುವ ಭಾಷೆಯೇ ಇರಲಿಲ್ಲ. ಇದು ನನಗೆ ಸ್ವಲ್ಪ ಹತ್ತಿರದ ವಿಷಯ. ಮನಸ್ಸಿನಲ್ಲಿ ಸ್ಪಷ್ಟವಾಗಿ ಇರೋದನ್ನ, ಕೇಳುವವರು ಒಪ್ಪುವ ಭಾಷೆಯಲ್ಲಿ ಹೇಳೋಕೆ ಬರದೆ ಇದ್ದಾಗ ಆಗುವ ಸಂಕಟ ಇದೆಯಲ್ಲ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕನ್ನಡದಲ್ಲಿ ಬರೆಯಲು ಕೂತವನಿಗೂ ಅದು ಗೊತ್ತು.

ಇದರ ಜೊತೆಗೆ ಇನ್ನೊಂದು ಕಷ್ಟ. 1839ರ ಕೊನೆಗೆ ಅವನ ಆರೋಗ್ಯ ಕುಸಿಯಿತು. ತಲೆಸುತ್ತು, ತಲೆನೋವು, ಮರೆವು. 1841ರಲ್ಲಿ ಎಲ್ಲ ಬಿಟ್ಟು ಸ್ವಿಟ್ಜರ್‌ಲ್ಯಾಂಡಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ. ನೆನಪು ಮತ್ತೆ ಪೂರ್ತಿ ಸರಿಹೋಗಲೇ ಇಲ್ಲ. ಡೈರಿಯಲ್ಲಿ ಪ್ರತಿ ಟಿಪ್ಪಣಿಗೂ ನಂಬರ್ ಹಾಕಿ ಬರೆಯುವ ಅಭ್ಯಾಸ ಮೊದಲೇ ಇತ್ತು, ಅದು 16 ಸಾವಿರ ದಾಟಿತು. ಮರೆಯುವವನಿಗೆ ಆ ನಂಬರುಗಳೇ ಆಸರೆ.

ಆದರೂ 1845ರಲ್ಲಿ ಎದ್ದು ಕೂತ. ವಿದ್ಯುತ್ ಬಿಗಿತದಿಂದ ಬೆಳಕಿಗೆ ಏನಾದರೂ ಆಗುತ್ತಾ ಅಂತ ಥಾಮ್ಸನ್ ಪತ್ರ ಬರೆದು ಕೇಳಿದ್ದರು. ವಿದ್ಯುತ್ತಿನಿಂದ ಏನೂ ಕಾಣಲಿಲ್ಲ. ಆಯಸ್ಕಾಂತ ಇಟ್ಟು ನೋಡಿದ. ವರ್ಷಗಳ ಹಿಂದೆ ತಾನೇ ತಯಾರಿಸಿ ಮೂಲೆಯಲ್ಲಿಟ್ಟಿದ್ದ ಸೀಸ ಸೇರಿದ ಭಾರದ ಗಾಜನ್ನ ಸೆಪ್ಟೆಂಬರ್ 13ರಂದು ನಡುವೆ ಇಟ್ಟಾಗ, ಹಾದುಹೋದ ಬೆಳಕಿನ ಪೋಲರೈಸೇಷನ್ ತಿರುಗಿತು. ಬೆಳಕಿಗೂ ಆಯಸ್ಕಾಂತಕ್ಕೂ ನಂಟಿದೆ! ಅದೇ ನವೆಂಬರಿನಲ್ಲಿ ಅವನ ಡೈರಿಯಲ್ಲಿ ಫೀಲ್ಡ್ ಅನ್ನೋ ಪದ ಬಂತು. ಮಾರನೇ ವರ್ಷ ಏಪ್ರಿಲ್ಲಿನಲ್ಲಿ ಒಂದು ಶುಕ್ರವಾರದ ಉಪನ್ಯಾಸದ ಕೊನೆಗೆ ಸಮಯ ಉಳಿದಾಗ, ಬೆಳಕು ಅಂದ್ರೆ ಈ ಬಲರೇಖೆಗಳ ನಡುಕವೇ ಇರಬಹುದಾ ಅನ್ನೋ ಊಹೆಯನ್ನ ಹೇಳಿಬಿಟ್ಟ. ಕೇಳಿದವರು ಅದನ್ನ ಅಷ್ಟೇನೂ ಹಚ್ಚಿಕೊಳ್ಳಲಿಲ್ಲ.

1857ರಲ್ಲಿ 25 ವರ್ಷದ ಹುಡುಗನೊಬ್ಬ ತನ್ನ ಪೇಪರನ್ನ ಅಂಚೆಯಲ್ಲಿ ಕಳಿಸಿದ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಪೇಪರಿನ ಹೆಸರಲ್ಲೇ ಫ್ಯಾರಡೆಯ ಬಲರೇಖೆಗಳು ಅಂತ ಇತ್ತು, ಒಳಗೆ ತುಂಬ ಗಣಿತ. ಫ್ಯಾರಡೆಗೆ ಆಗ 65. ತನ್ನ ವಿಷಯದ ಮೇಲೆ ಅಷ್ಟೊಂದು ಗಣಿತ ಬಿದ್ದದ್ದು ನೋಡಿ ಮೊದಲು ಹೆದರಿಕೆಯೇ ಆಯಿತು, ಆಮೇಲೆ ವಿಷಯ ಅದನ್ನ ತಡೆದುಕೊಂಡು ನಿಂತಿದ್ದು ನೋಡಿ ಆಶ್ಚರ್ಯವಾಯಿತು ಅಂತ ವಾಪಸ್ ಬರೆದ. ಅದೇ ವರ್ಷ ಇನ್ನೊಂದು ಪತ್ರದಲ್ಲಿ, ಗಣಿತಜ್ಞರು ತಾವು ಕಂಡುಕೊಂಡದ್ದನ್ನ ನಮ್ಮಂಥವರಿಗೂ ತಿಳಿಯುವ ಮಾತಿನಲ್ಲಿ ಕೂಡ ಹೇಳಬಾರದಾ ಅಂತ ಮ್ಯಾಕ್ಸ್‌ವೆಲ್ಲನನ್ನ ಕೇಳಿಕೊಂಡ.

ಸರ್ ಪದವಿ ಬೇಡ ಅಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಬೇಡ ಅಂದ. ರಾಣಿ ವಿಕ್ಟೋರಿಯಾ ಕೊಟ್ಟ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ಕೊನೆಯ ವರ್ಷಗಳನ್ನ ಕಳೆದ. 1862ರ ಮಾರ್ಚ್ 12ರಂದು, ಆಯಸ್ಕಾಂತದ ನಡುವೆ ಇಟ್ಟ ಜ್ವಾಲೆಯ ಬೆಳಕಿನ ಗೆರೆಗಳು ಬದಲಾಗುತ್ತವಾ ಅಂತ ನೋಡಿದ. ಬದಲಾಗಲಿಲ್ಲ. ಉಪಕರಣ ಸಾಲದಾಗಿತ್ತು. ಆ ಪರಿಣಾಮ ಇದೆ ಅಂತ 1896ರಲ್ಲಿ ಜೀಮನ್ ತೋರಿಸಿದ. ಫ್ಯಾರಡೆ ತೀರಿಕೊಂಡದ್ದು 1867ರ ಆಗಸ್ಟ್ 25ರಂದು. ಸಮಾಧಿ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿದೆ, ಸರಳವಾದ ಕಲ್ಲು. ಅಷ್ಟರಲ್ಲಿ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಬಂದಾಗಿದ್ದವು. ಫೀಲ್ಡಿನ ಅಲೆಗಳು ನಿಜವಾಗಿ ಜಾಗದಲ್ಲಿ ಓಡುತ್ತವೆ, ಅದಕ್ಕೆ ಸಮಯ ಬೇಕಾಗುತ್ತೆ ಅಂತ ಹರ್ಟ್ಝ್ ಲ್ಯಾಬಿನಲ್ಲಿ ತೋರಿಸುವ ಹೊತ್ತಿಗೆ ಇನ್ನೂ 20 ವರ್ಷ ಕಳೆದಿತ್ತು.

ಇನ್ನೊಂದು ವಿಷಯ ಬಿಟ್ಟಿದ್ದೆ. 1832ರ ಮಾರ್ಚ್ 12ರಂದು, ಅಂದ್ರೆ ಆ ಕೊನೆಯ ಪ್ರಯೋಗಕ್ಕೆ ಸರಿಯಾಗಿ 30 ವರ್ಷ ಮೊದಲು, ಫ್ಯಾರಡೆ ಒಂದು ಚೀಟಿ ಬರೆದು, ಮುದ್ರೆ ಒತ್ತಿ, ರಾಯಲ್ ಸೊಸೈಟಿಯಲ್ಲಿ ಇಟ್ಟಿದ್ದ. ಅದನ್ನ ಸುಮಾರು ನೂರು ವರ್ಷ ಯಾರೂ ಒಡೆಯಲಿಲ್ಲ. 1930ರ ದಶಕದಲ್ಲಿ ಒಡೆದು ನೋಡಿದರೆ, ಆಯಸ್ಕಾಂತದ ಪ್ರಭಾವ ಹರಡಲು ಸಮಯ ತಗೊಳ್ಳುತ್ತೆ, ಕಲಕಿದ ನೀರಿನ ಮೇಲಿನ ಅಲೆಯ ಹಾಗೆ, ಚಾರ್ಜಿನ ಪ್ರಭಾವವೂ ಬಹುಶಃ ಹಾಗೇ ಅನ್ನೋ ಊಹೆ ಅದರಲ್ಲಿತ್ತು. ಪ್ರಯೋಗ ಮಾಡಿ ತೋರಿಸೋಕೆ ತನಗೆ ಸಮಯ ಸಿಗೋವರೆಗೂ ದಿನಾಂಕ ದಾಖಲಾಗಿರಲಿ ಅಂತ ಇಟ್ಟಿದ್ದನಂತೆ.